ಒಂದೇ ಒಂದು ಸರಿಯುತ್ತರ

"ನಾನಲ್ಲ ಅತ್ತೆ! ಆಣೆ ಮಾಡಿ ಹೇಳ್ತೀನಿ, ನಾನಲ್ಲ!"

ಬಾಗಿಲು ತೆರೆದ ಸೊಸೆಯನ್ನು ದಾಟಿಕೊಂಡು ತುಂಟಿ ಒಳಗೆ ನುಗ್ಗಿದಳು. ಕೆಳಗಿನ ಮಹಡಿಯಲ್ಲಿ ವೆಬ್ ಡಿಸೈನ್ ಕಲಿಸುವ ಕೇಂದ್ರಕ್ಕೆ ಕಲಿಯಲು ಬರುವ ಹುಡುಗಿ ಅವಳು. ಕ್ಲಾಸಿಗೆಲ್ಲ ನಗು ಹಂಚುವವಳು ಈಗ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಹಿಂದೆಯೇ ಕೇಂದ್ರ ನಡೆಸುವ ಮೇಡಂ ಬಂದರು.

"ಕ್ವಿಜ್‌ನಲ್ಲಿ ಪೂರ್ತಿ ಅಂಕ ತಗೊಂಡಿದ್ದೆ. ಬೆಳಿಗ್ಗೆ ನೋಡಿದ್ರೆ ಯಾರೋ ನನ್ನ ಹೆಸರಲ್ಲಿ ಮತ್ತೆ ಆಡಿದ್ದಾರೆ. ಕೊನೇ ಪ್ರಶ್ನೆ ಬಿಟ್ಟು ಎಲ್ಲಾ ತಪ್ಪು! ಕೊನೇ ಸಲದ ಅಂಕಾನೇ ಲೆಕ್ಕ, ಗಡುವೂ ಮುಗೀತು. ಮುಂದಿನ ತರಬೇತಿ ಸೀಟು ಹೋಯ್ತು ಅತ್ತೆ."

"ಇವಳದೇ ಕುಚೇಷ್ಟೆ," ಎಂದರು ಮೇಡಂ. "ಅದು ನಮ್ಮಕ್ಕ ಮಾಡಿದ ಕ್ವಿಜ್. ಸತ್ತವಳ ಜೊತೆ ಇಂಥ ಆಟ ಆಡ್ತಾರಾ? ಅಕ್ಕನ ಲಾಗಿನ್ ಮೊನ್ನೆ ತಾನೇ ಮುಚ್ಚಿದೆ. ಸಂಜೆ ಕ್ವಿಜ್ಜನ್ನೂ ಅಳಿಸ್ತೀನಿ. ಅದರೊಳಗಿರೋ ಅವಳ ದನಿ ಕೇಳೋಕೆ ನನ್ನಿಂದ ಆಗ್ತಿಲ್ಲ."

ಅತ್ತೆ ಒಂದು ಕಾಲದಲ್ಲಿ ಗಣಿತದ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದವರು. ನಿವೃತ್ತಿಯ ಮೇಲೆ ಕಟ್ಟಡದಲ್ಲಿ ಏನು ಕಳೆದರೂ ಇವರೇ ಗತಿಯಾಗಿ, 'ಪತ್ತೆ ಅತ್ತೆ' ಎಂದೇ ಹೆಸರಾಗಿದ್ದರು. ಸೊಸೆಗೆ ಇದರಿಂದ ಜಂಬವೂ ಉಂಟು, ಕಾಟವೂ ಉಂಟು. ಒಲೆಯ ಮೇಲೆ ಏನಿದ್ದರೂ ಆರಿಸಿ ಅತ್ತೆಯ ಬೆನ್ನು ಹತ್ತಬೇಕು.

ಕೆಳಗೆ ಮೇಡಂ ಅವರ ಭಾವ, ಅಂದರೆ ಇಲ್ಲಿ ಟೀಚರ್ ಆಗಿದ್ದ ಆ ತೀರಿಹೋದ ಅಕ್ಕನ ಗಂಡ, ಬಾಗಿಲಿನ ಅಂಚು ಹೆರೆಯುತ್ತಿದ್ದ. ಕಸುಬಿನಲ್ಲಿ ಬಡಗಿ. ಬಲಗಿವಿಯ ಮೇಲೆ ಪೆನ್ಸಿಲ್, ತಲೆ ತುಂಬ ಮರದ ಹೊಟ್ಟು. ಅತ್ತೆಯನ್ನು ಕಂಡು ತಲೆ ಬಗ್ಗಿಸಿ ದಾರಿ ಬಿಟ್ಟ.

"ಅಂಕದಲ್ಲಿ ಎರಡನೆಯವನು ಯಾರು?" ಅತ್ತೆ ಕೇಳಿದರು.

"ನಮ್ಮ ಕ್ಲಾಸಿನ ಗಡ್ಡಪ್ಪ. ನಾನು ಹೋದ್ರೆ ಸೀಟು ಅವನಿಗೇ," ಎಂದಳು ತುಂಟಿ.

"ಇನ್ನೇನು ಬೇಕು ಅತ್ತೆ? ಅವನೇ!" ಎಂದಳು ಸೊಸೆ.

"ಅವಸರ ಬೇಡ ಕಣೆ. ಬೆಳ್ಳಗಿರೋದೆಲ್ಲ ಹಾಲಲ್ಲ."

ತುಂಟಿ ಕೂರುವುದು ಮೂಲೆಯ ಕಂಪ್ಯೂಟರಿಗೆ. ಹಿಂದೆ ಅದು ಟೀಚರ್ ಅವರದೇ ಆಗಿತ್ತು. ಲಾಗ್ ಔಟ್ ಮಾಡದೆ ಎದ್ದು ಹೋಗುವುದು ತುಂಟಿಯ ಹಳೆಯ ಚಾಳಿ. ಅತ್ತೆ ಹೆಡ್‌ಫೋನ್ ತಿರುಗಿಸಿ ನೋಡಿದರು. ಬಲಗಡೆಯ ಮೆತ್ತೆಯ ಒಳಗೆ ಕಪ್ಪು ಗೀರು. ಒರೆಸಿದರೆ ಬೆರಳು ಬೂದುಬಣ್ಣಕ್ಕೆ ತಿರುಗಿತು. ಆಮೇಲೆ ಕ್ವಿಜ್ ತೆರೆದು ಬೇಕೆಂದೇ ತಪ್ಪು ಒತ್ತಿ, ಹೆಡ್‌ಫೋನಿನ ಒಂದು ಬದಿಯನ್ನು ಸೊಸೆಯ ಕಿವಿಗೆ ಹಿಡಿದರು.

"ಅಯ್ಯೋ, ಅದು ಮಾರ್ಜಿನ್ ಅಲ್ಲ ಕಣೋ," ಎಂದು ನಗುವ ಹೆಣ್ಣುದನಿ. "ಬೀರುವಿಗೂ ಗೋಡೆಗೂ ನಡುವೆ ಬಿಟ್ಟ ಜಾಗ ಮಾರ್ಜಿನ್. ಬೀರು ಒಳಗೆ ಬಟ್ಟೆಗೂ ಹಲಗೆಗೂ ನಡುವೆ ಇರೋದು ಪ್ಯಾಡಿಂಗ್. ಇನ್ನೊಂದ್ಸಲ ನೋಡು."

ಅತ್ತೆ ಹೀಗೇ ಒಂದೊಂದು ಪ್ರಶ್ನೆಗೂ ತಪ್ಪು ಒತ್ತುತ್ತ ಹೋದರು. ಕೊನೆಯ ಪ್ರಶ್ನೆಗೆ ಮಾತ್ರ ಎಷ್ಟು ತಪ್ಪು ಒತ್ತಿದರೂ ದನಿ ಬರಲಿಲ್ಲ.

ಸಂಜೆ ಎಲ್ಲರನ್ನೂ ಕ್ಲಾಸಿನಲ್ಲಿ ಕೂರಿಸಿ ಅತ್ತೆ ಮಾತು ಶುರು ಮಾಡಿದರು.

"ಏನೂ ಬಾರದವನು ಕಣ್ಣು ಮುಚ್ಚಿ ಒತ್ತಿದ್ರೂ ಅಲ್ಲೊಂದು ಇಲ್ಲೊಂದು ಸರಿಹೋಗುತ್ತೆ. ಇಲ್ಲಿ ಹಾಗಾಗಿಲ್ಲ. ಅಂದ್ರೆ ಆಡಿದವರಿಗೆ ಎಲ್ಲ ಸರಿಯುತ್ತರ ಗೊತ್ತಿತ್ತು. ಗೊತ್ತಿದ್ದೇ ತಪ್ಪಿಸಿದ್ದಾರೆ."

ಎಲ್ಲರೂ ಗಡ್ಡಪ್ಪನನ್ನು ನೋಡಿದರು. ಅವನ ಮುಖ ಬಿಳುಚಿಕೊಂಡಿತು.

"ಅಂಕ ಹಾಳು ಮಾಡೋಕೆ ಬಂದವನು ಕೊನೇದನ್ನ ಯಾಕೆ ಸರಿ ಮಾಡ್ತಾನೆ? ಸರಿ ಒತ್ತಿದ್ರೆ ಬರೀ ಗಂಟೆ ಸದ್ದು. ತಪ್ಪು ಒತ್ತಿದ್ರೆ ಟೀಚರ್ ದನಿ. ಕೊನೇದಕ್ಕೆ ದನಿ ಕೊಡೋ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ರು, ಅಲ್ವಾ ಮೇಡಂ?"

ಮೇಡಂ ತಲೆಯಾಡಿಸಿದರು.

"ದನಿ ಇಲ್ಲದ ಕಡೆ ತಪ್ಪು ಮಾಡಿ ಏನು ಪ್ರಯೋಜನ? ಇವರಿಗೆ ಬೇಕಿದ್ದದ್ದು ಆ ದನಿ. ಹೆಡ್‌ಫೋನಿನ ಬಲಗಡೆ ಇರೋದು ಪೆನ್ಸಿಲ್ ಗೀರು." ಅತ್ತೆಯ ದನಿ ಮೆತ್ತಗಾಯಿತು. "ಕಿವಿ ಮೇಲಿನ ಪೆನ್ಸಿಲ್ ತೆಗೆಯೋದನ್ನೂ ಮರೆತಿದ್ರಿ, ಅಲ್ವೇನಪ್ಪ?"

ಬಾಗಿಲಲ್ಲಿ ನಿಂತಿದ್ದ ಬಡಗಿಯ ಕೈ ತಾನಾಗಿ ಕಿವಿಗೆ ಹೋಯಿತು.

"ಬದುಕಿದ್ದಾಗ ಕಲಿ, ಕಲಿ ಅಂತಿದ್ಲು. ನನಗ್ಯಾಕೆ ಅಂತ ನಕ್ಕುಬಿಡ್ತಿದ್ದೆ," ಎಂದ. "ಹೋದ್ಮೇಲೆ ಕ್ಲಾಸ್ ಬಿಟ್ಟ ಹೊತ್ತಲ್ಲಿ ಬಂದು ಕೂತೆ. ಮೊದಮೊದಲು ನಿಜವಾಗ್ಲೂ ತಪ್ಪಾಗ್ತಿತ್ತು. ಅವಳು ಹೇಳ್ತಾ ಹೇಳ್ತಾ ಬಂದುಬಿಡ್ತು. ಈಗ ತಪ್ಪು ಯಾವುದು ಅಂತ ಹುಡುಕಬೇಕು. ಯಾವಾಗ್ಲೂ ಅವಳ ಹೆಸರಲ್ಲೇ ತೆರೆದಿರೋದು. ಈ ಸಲ ಯಾರ ಹೆಸರಿತ್ತೋ ನೋಡ್ಲಿಲ್ಲ. ತಪ್ಪಾಯ್ತು ಕಣಮ್ಮ," ಎಂದು ತುಂಟಿಗೆ ಕೈಮುಗಿದ. ಅವಳು ಓಡಿಬಂದು ಆ ಕೈಗಳನ್ನು ಹಿಡಿದುಕೊಂಡಳು.

ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇವಳ ಹಳೇ ಅಂಕ ಹಾಕ್ತೀನಿ. ಕ್ವಿಜ್ ಅಳಿಸಲ್ಲ. ಭಾವ, ಅಕ್ಕನ ದನಿ ನಿಮ್ಮ ಫೋನಿಗೆ ಹಾಕಿಕೊಡ್ಲಾ?"

"ಬೇಡಮ್ಮ. ಸುಮ್ಮನೆ ಹಾಕ್ಕೊಂಡು ಕೇಳಿದ್ರೆ ಊರಿಗೆಲ್ಲ ಹೇಳಿದ ಹಾಗಿರುತ್ತೆ. ನಾನು ತಪ್ಪು ಮಾಡಿದ್ರೇನೇ ನನಗೆ ಹೇಳಿದ ಹಾಗೆ."

ಮೇಡಂ ಅವನದೇ ಹೆಸರಿನಲ್ಲಿ ಕ್ವಿಜ್ ತೆರೆದುಕೊಟ್ಟರು. ಬಡಗಿ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟು ಹೆಡ್‌ಫೋನ್ ಹಾಕಿಕೊಂಡ.

"ಒಂದೇ ಒಂದ್ಸಲ ಎಲ್ಲ ಸರಿ ಮಾಡ್ತೀನಿ. ಅವಳು ಕಲಿಸಿದ್ದು ದಂಡ ಆಗ್ಲಿಲ್ಲ ಅಂತ ಗೊತ್ತಾಗ್ಲಿ."

ಹೆಡ್‌ಫೋನಿನ ಗಂಟೆ ಹಿಂದೆ ನಿಂತ ಸೊಸೆಗೂ ಸಣ್ಣಗೆ ಕೇಳುತ್ತಿತ್ತು. ಒಂದು ಗಂಟೆ, ಮತ್ತೊಂದು, ಮತ್ತೊಂದು. ಎಲ್ಲಾದರೂ ಒಂದು ತಪ್ಪಬಾರದೇ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಒಂದೂ ತಪ್ಪಲಿಲ್ಲ. ಪರದೆಯ ಮೇಲೆ ಪೂರ್ತಿ ಅಂಕ ಬಂದ ಮೇಲೂ ಬಡಗಿ ಹೆಡ್‌ಫೋನ್ ತೆಗೆಯದೆ, ಬಾರದ ದನಿಗೆ ಕಿವಿಗೊಟ್ಟು ಕೂತೇ ಇದ್ದ.