ಎಣ್ಣೆಯಿಲ್ಲದ ಜೆಲ್

ಬೆಳಿಗ್ಗೆ ಪಾರ್ಲರಿನ ಬಾಗಿಲು ತೆರೆಯುತ್ತಲೇ ಟಿವಿಯಲ್ಲಿ ವಾರ್ತೆ ಓದುವಾಕೆ ಒಳನುಗ್ಗಿ ಹಣೆಯ ಸ್ಕಾರ್ಫ್ ಸರಿಸಿದಳು. ಹಣೆ ತುಂಬ ಗುಳ್ಳೆ. ಎಲ್ಲವೂ ಒಂದೇ ಗಾತ್ರ, ಸಾಸಿವೆ ಚೆಲ್ಲಿದಂತೆ.

"ಇಲ್ಲಿ ಫೇಶಿಯಲ್ ಮಾಡಿಸ್ಕೊಂಡು ಹೋದಾಗಿಂದ, ನಾಲ್ಕು ದಿನದಿಂದ ತುರಿಕೆ! ನಂದು ಮಾಮೂಲಿ ಮೊಡವೆ ಅಲ್ಲ, ಫಂಗಸ್ಸಿಂದ ಬರೋದು. ಎಣ್ಣೆ ಸೋಕಿಸಬೇಡಿ ಅಂತ ಚೀಟಿ ಬರೆದುಕೊಟ್ಟಿದ್ದೆ."

ಒಡತಿ ಅಂದು ಫೇಶಿಯಲ್ ಮಾಡಿದ್ದ ಹೊಸ ಹುಡುಗಿಯತ್ತ ಬೆರಳು ತೋರಿದಳು. ಕೆಲಸಕ್ಕೆ ಸೇರಿ ಎಂಟೇ ದಿನ. ಒಡತಿ ತಡಕಿದಾಗ ಅವಳ ಚೀಲದಲ್ಲಿ ತಲೆಗೆ ಹಚ್ಚುವ ಎಣ್ಣೆಯ ಸೀಸೆ ಸಿಕ್ಕಿತು.

"ನೋಡಿ, ಇವಳ ಕೈಕೆಲಸ! ತಪ್ಪೊಪ್ಪಿಕೊಳ್ಳೇ. ಇಲ್ದಿದ್ರೆ ಈ ಊರಲ್ಲಿ ಯಾವ ಪಾರ್ಲರೂ ನಿನ್ನ ಸೇರಿಸ್ಕೊಳ್ಳಲ್ಲ."

"ಮಾಡದ ತಪ್ಪನ್ನ ಒಪ್ಪಲ್ಲ ಮೇಡಂ. ನಮ್ಮಕ್ಕ ಬರ್ಲಿ."

*

ಅಕ್ಕನ ಕೆಲಸ ಎದುರಿನ ಔಷಧಿ ಅಂಗಡಿಯಲ್ಲಿ. ಬಿಳಿ ಕೋಟಿನಲ್ಲೇ ಬಂದಳು.

"ಅಳ್ತಿದ್ದೀಯೇನೇ?"

"ಇಲ್ಲ ಕಣೇ. ಸಿಟ್ಟು."

"ಸದ್ಯ. ಸಮಾಧಾನ ಮಾಡೋಕೆ ನನಗೆ ಪುರುಸೊತ್ತಿಲ್ಲ."

ಸೀಸೆ ತಿರುಗಿಸಿ ನೋಡಿದಳು. ಸೀಲು ಒಡೆದಿರಲಿಲ್ಲ.

"ಹಚ್ಚಿದ್ದೇನು?"

"ಎಣ್ಣೆಯಿಲ್ಲದ ಜೆಲ್. ಡಬ್ಬಿ ಮೇಲಿನ ಪಟ್ಟಿ ಎರಡು ಸಲ ಓದೇ ತಗೊಂಡೆ."

ಡಬ್ಬಿ ಕಂಠದವರೆಗೆ ತುಂಬಿತ್ತು.

"ಯಾವಾಗ ತೆರೆದಿದ್ದು ಮೇಡಂ?"

"ಎರಡು ತಿಂಗಳಾಯ್ತು. ದಿನಾ ಐದಾರು ಜನಕ್ಕೆ ಅದೇ," ಎಂದಳು ಒಡತಿ.

"ಆದ್ರೂ ಖಾಲಿಯಾಗಿಲ್ಲ! ನಮ್ಮನೆ ಅಕ್ಕಿ ಡಬ್ಬಿಗೂ ಈ ವಿದ್ಯೆ ಹೇಳ್ಕೊಡಿ."

*

ಅಕ್ಕ ಸೀಲೊಡೆಯದ ಹೊಸ ಡಬ್ಬಿ ಕೇಳಿದಳು. ಒಡತಿ ಸೊಂಟದ ಬೀಗದ ಕೈಯಿಂದ ಕಪಾಟು ತೆರೆದಳು. ಅಕ್ಕ ಬಿಳಿ ಕಾಗದದ ಮೇಲೆ ಜೆಲ್ಲಿನ ಎರಡು ಬೊಟ್ಟು ಇಟ್ಟಳು. ಒಂದು ಹೊಸದು, ಒಂದು ಹಳೆಯದು. ಕೂದಲೊಣಗಿಸುವ ಯಂತ್ರ ಗುಂಯ್‌ಗುಟ್ಟಿತು.

ಹೊಸ ಬೊಟ್ಟಿನ ಜಾಗದಲ್ಲಿ ಜಿಡ್ಡಿಲ್ಲ. ಹಳೆಯದರ ಜಾಗದಲ್ಲಿ ಕಾಗದ ಪಾರದರ್ಶಕವಾಗಿತ್ತು.

"ನೀರು ಆರುತ್ತೆ, ಎಣ್ಣೆ ಆರಲ್ಲ. ಈ ಡಬ್ಬಿಗೆ ಬೇರೆ ಕ್ರೀಮು ಬಿದ್ದಿದೆ. ಆ ಎಣ್ಣೆ ತಿಂದೇ ಫಂಗಸ್ಸು ಹೆಚ್ಚಿದ್ದು. ಇವಳು ಸೇರಿದಾಗಿಂದ ಮುಟ್ಟಿದ್ದು ಈ ಬೆರಕೆನೇ. ಅಸಲಿ ಹೇಗಿರುತ್ತೆ ಅಂತ ಇವಳಿಗೇನು ಗೊತ್ತು? ಕ್ರೀಮು ಡಬ್ಬಿಗಳನ್ನೆಲ್ಲ ಇಡೋ ಕಪಾಟಿನ ಬೀಗದ ಕೈ ಯಾರ ಹತ್ರ ಇದೆ ಮೇಡಂ?"

ಒಡತಿಯ ಮುಖ ಇಳಿಯಿತು. "ತಳದಲ್ಲಿ ಉಳಿದಿದ್ದನ್ನ ಎಸೆಯೋಕಾಗುತ್ತಾ? ಎಲ್ಲಾ ಕ್ರೀಮಿನ ಡಬ್ಬಿನೂ ಬಳಿದು ಒಂದಕ್ಕೆ ಹಾಕ್ತೀನಿ. ಮನೇಲಿ ಸೋಪಿನ ಚೂರು ಅಂಟಿಸಲ್ವಾ, ಹಾಗೆ."

"ಅದು ಸೋಪು ರೀ. ಇದು ನನ್ನ ಮುಖ!" ವಾರ್ತೆಯವಳು ಸಿಡಿದಳು.

"ಆಯ್ತಮ್ಮ," ಒಡತಿ ಹುಡುಗಿಯತ್ತ ತಿರುಗಿದಳು. "ಹೋಗಿ ಕೆಲಸ ನೋಡು."

"ನೋಡ್ತೀನಿ. ಮೊದಲು ಎಲ್ಲರ ಮುಂದೆ ಹೇಳಿ, ತಪ್ಪು ಯಾರದು ಅಂತ."

ಕುರ್ಚಿಗಳಲ್ಲಿದ್ದ ಗಿರಾಕಿಗಳೆಲ್ಲ ಕತ್ತು ಹೊರಳಿಸಿದರು.

"ನಂದೇ," ಒಡತಿಯ ತುಟಿಯಷ್ಟೇ ಅಲುಗಿತು.

"ಜೋರಾಗಿ ಮೇಡಂ. ನನ್ನ ಬೈದಿದ್ದು ಬೀದಿಗೇ ಕೇಳ್ಸಿತ್ತು."