ಒಬ್ಬರೇ ಒಪ್ಪುವಂತಿಲ್ಲ

“ಎಂಟ್ರಿ ಹಾಕಿದ್ದೂ ನೀವೇ, ಅಪ್ರೂವ್ ಮಾಡಿದ್ದೂ ನೀವೇನಾ?”

ರಾಜಾಜಿನಗರದ ಆ ಪಂಪ್ ಕಂಪನಿಯಲ್ಲಿ ಶಿವರಂಜನಿ ಕೇಳಿದ ಮೊದಲ ಪ್ರಶ್ನೆಯೇ ಇದು. ಕಂಪನಿಯ ಷೇರು ಸಾವಿರಾರು ಜನರ ಕೈಯಲ್ಲಿದೆ. ಲೆಕ್ಕವನ್ನು ಒಬ್ಬರು ಬರೆದರೆ ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಕಟ್ಟುಪಾಡು ನಿಜಕ್ಕೂ ನಡೆಯುತ್ತಿದೆಯೇ ಎಂದು ಪರೀಕ್ಷಿಸಲು ಬಂದ ಆಡಿಟರ್ ಅವಳು.

ಇಂಥ ಪ್ರಶ್ನೆಗೆ ಜನ ನೂರೆಂಟು ನೆಪ ಹೇಳುತ್ತಾರೆ. ಅಕೌಂಟ್ಸ್‌ನ ಕಲ್ಮೇಶ್ ಹೇಳಲಿಲ್ಲ.

“ಹೌದು ಮೇಡಂ. ಮ್ಯಾನೇಜರ್ ರಜೆಯಲ್ಲಿದ್ರು, ಅವರ ಪಾಸ್‌ವರ್ಡ್ ಹಾಕ್ದೆ. ತಪ್ಪು ನಂದೇ.”

ಅಷ್ಟೇ ನೋಡಿ, ಆ ನೇರ ಮಾತಿಗೆ ನಮ್ಮ ಹುಡುಗಿ ಮನಸೋತಳು!

ಆಮೇಲೆ ದಿನಾ ಏನಾದರೊಂದು ಕೇಳುವ ನೆಪದಲ್ಲಿ ಅವನ ಟೇಬಲ್ಲಿಗೆ ಹೋದಳು. ಅವನು ಡಬ್ಬಿಯಿಂದ ಜೋಳದ ರೊಟ್ಟಿ ಕೊಟ್ಟರೆ, ಲೆಕ್ಕ ಪರೀಕ್ಷಿಸುವವರಿಂದ ಆಡಿಟರ್ ಏನನ್ನೂ ತೆಗೆದುಕೊಳ್ಳಬಾರದು ಎಂದು ಬೇಡವೆಂದಳು. ಆರ್‌ಪಿಸಿ ಲೇಔಟಿನ ಮನೆಗೆ ಹೋಗಿ ಅಮ್ಮನಿಂದ ಅದನ್ನೇ ಮಾಡಿಸಿಕೊಂಡು ತಿಂದಳು.

ಅವನ ತಪ್ಪು ಸಣ್ಣದೋ ದೊಡ್ಡದೋ ಎಂದು ವರದಿ ಬರೆಯುವ ದಿನ ಬಂತು. ಬೆರಳು ತಾನಾಗಿ ‘ಸಣ್ಣದು’ ಎಂದು ಟೈಪ್ ಮಾಡಿತು. ಅವಳಿಗೆ ಗಾಬರಿಯಾಯಿತು.

ಅಯ್ಯೋ, ಇದು ನನ್ನ ಬುದ್ಧಿ ಹೇಳಿದ್ದಲ್ಲವಲ್ಲ...

ಸೀದಾ ತನ್ನ ಆಡಿಟ್ ಕಚೇರಿಯ ಬಾಸ್ ಜಯದೇವಿ ಮೇಡಂ ಹತ್ತಿರ ಹೋಗಿ, ಆ ಹುಡುಗ ತನಗೆ ಇಷ್ಟ, ತನ್ನನ್ನು ಈ ಕೆಲಸದಿಂದ ಬಿಡಿಸಿ ಎಂದಳು. ಮೇಡಂ ಬಿಡಿಸಿದರು. ವರದಿ ಹೊರಬರುವವರೆಗೆ ಅವನೊಂದಿಗೆ ಮಾತಾಡಕೂಡದು ಎಂದೂ ತಾಕೀತು ಮಾಡಿದರು.

ಕಲ್ಮೇಶನಿಗೆ ಇದ್ಯಾವುದೂ ಗೊತ್ತಿಲ್ಲ. ಫೋನ್ ಮಾಡಿದ, ಅವಳು ಎತ್ತಲಿಲ್ಲ. ತಪ್ಪು ಮಾಡಿದವನೆಂದು ತನ್ನನ್ನು ದೂರ ಇಟ್ಟಳು ಎಂದುಕೊಂಡ, ಪಾಪ. ಅವಳೋ ರಿಂಗಾಗುವ ಫೋನನ್ನೇ ನೋಡುತ್ತ ಅತ್ತಳು.

ಹೊಸ ಆಡಿಟರ್ ಅದನ್ನು ದೊಡ್ಡ ಲೋಪವೆಂದೇ ಬರೆದ. ಕಂಪನಿ ಷೇರುದಾರರಿಗೂ ತಿಳಿಸಿತು. ಕಲ್ಮೇಶನಿಗೂ ಪಾಸ್‌ವರ್ಡ್ ಕೊಟ್ಟಿದ್ದ ಮ್ಯಾನೇಜರ್‌ಗೂ ಎಚ್ಚರಿಕೆ ಸಿಕ್ಕಿತು. ಸದ್ಯ, ಕೆಲಸ ಉಳಿಯಿತು.

ವರದಿ ಹೊರಬಂದ ಸಂಜೆಯೇ ಶಿವರಂಜನಿ ಕಂಪನಿಯ ಗೇಟಿನಲ್ಲಿ ನಿಂತಿದ್ದಳು.

“ಯಾಕ್ ಬಂದ್ರಿ? ಇನ್ನೂ ತಪ್ಪು ಹುಡುಕೋಕಾ?” ಡಬ್ಬಿಯ ಚೀಲ ಹಿಡಿದು ಹೊರಬಂದ ಕಲ್ಮೇಶ್ ಕೇಳಿದ.

ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

“ನಾನಂದ್ರೆ ಇಷ್ಟ ಅಂತ ಮೊದ್ಲು ಬಾಸ್‌ಗೆ ಹೇಳಿದ್ರಾ?”

“ರೂಲ್ಸ್ ಹಾಗಿದೆ...”

“ನಂಗೆ?”

“ಈಗ ಹೇಳ್ತಾ ಇದೀನಲ್ಲ.”

ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

“ನಂಗೂ ಇಷ್ಟ ಅಂತ ಮನಸ್ಸಲ್ಲಿ ಮೊದಲ್ನೇ ದಿನಾನೇ ಬರ್ಕೊಂಡಿದ್ದೆ. ನಾನೊಬ್ನೇ ಬರ್ದು ನಾನೇ ಒಪ್ಕೊಂಡ್ರೆ ಮತ್ತದೇ ತಪ್ಪಾಗುತ್ತೆ ಅಂತ ಸುಮ್ನಿದ್ದೆ.”

ಅವಳು ಅವನ ಡಬ್ಬಿಯ ಚೀಲಕ್ಕೆ ಕೈ ಹಾಕಿದಳು.

“ನೋಡಿದೀನಿ, ಒಪ್ಪಿದೀನಿ... ಇವತ್ತು ರೊಟ್ಟಿ ಉಳ್ಸಿದೀರಾ?”