ಆ ಕೆನ್ನೆಯ ಬಣ್ಣ

"ಈ ಕೆನ್ನೆ ಬೇಡ!"

ಅವಳು ತಟ್ಟನೆ ಮುಖ ತಿರುಗಿಸಿದಳು. ಎಡಗೆನ್ನೆಯಿಂದ ಕುತ್ತಿಗೆಗೆ ಇಳಿದಿದ್ದ ತೊನ್ನಿನ ಬಿಳಿ ಮಚ್ಚೆಗೆ ಕೈ ಅಡ್ಡ ಬಂತು.

"ನನಗೆ ಅದೇ ಕೆನ್ನೆ ಬೇಕು," ಎಂದ ಚಿತ್ರಕಾರ, ಮೆಲ್ಲಗೆ.

ಚಿತ್ರಶಾಲೆಯಲ್ಲಿ ರೂಪದರ್ಶಿಯಾಗಿ ಕೂರುತ್ತಿದ್ದ ಚಿಕ್ಕಮ್ಮನಿಗೆ ಸೊಂಟ ಹಿಡಿದುಕೊಂಡಿತ್ತು. ಅವರ ಬದಲಿಗೆ ಬಂದವಳು ಇವಳು. ಎಲ್ಲರೂ ನೋಡಿಯೂ ನೋಡದಂತಿರುವ ಮಚ್ಚೆಯನ್ನು ಇವನು ಗಂಟೆಗಟ್ಟಲೆ ನೋಡಬೇಕಂತೆ!

ಆದರೂ ಕೂತಳು. ಎರಡೇ ದಿನದಲ್ಲಿ ಆ ನೋಟ ಹಿತವೆನಿಸತೊಡಗಿತು...

ಮೂರನೆಯ ದಿನ ಅವನು ಬ್ರಷ್ ತೊಳೆಯಲು ಹೋದಾಗ ಕ್ಯಾನ್ವಾಸಿನತ್ತ ಇಣುಕಿದಳು. ಮುಖವಿಡೀ ಬೂದುಗಟ್ಟಿದ ಹಸಿರು. ತುಟಿಯಲ್ಲೂ ಜೀವವಿಲ್ಲ.

"ನಾನು ನಿಮಗೆ ಹೆಣದ ಥರ ಕಾಣ್ತೀನಾ?"

"ಅಯ್ಯೋ, ಇದಿನ್ನೂ ತಳದ..."

ಮುಂದಿನದನ್ನು ಕೇಳಲು ಅವಳಿದ್ದರೆ ತಾನೇ?

ಎರಡು ತಿಂಗಳು ಕನ್ನಡಿಗೂ ಮುಖ ಕೊಡಲಿಲ್ಲ. ಸಂಬಂಧ ಕೇಳಿಕೊಂಡು ಬಂದವರು ಕೆನ್ನೆ ನೋಡಿ, ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಹೋದರು. ಅಮ್ಮ ಬಾಗಿಲು ಹಾಕಿದಳು.

ಅಂದು ಅಳುತ್ತಾ ಚಿಕ್ಕಮ್ಮನ ಮುಂದೆ ಎಲ್ಲ ಹೇಳಿಕೊಂಡಳು.

"ಹುಚ್ಚಿ! ನನ್ನ ಮುಖಕ್ಕೂ ಅವರು ಮೊದಲು ಹಸಿರೇ ಹಚ್ಚಿದ್ದು ಕಣೇ. ಅದರ ಮೇಲೆ ತೆಳ್ಳಗೆ ಕೆಂಪು, ಹಳದಿ ಕೂತಾಗಲೇ ಚರ್ಮಕ್ಕೆ ಜೀವ ಬರೋದು!"

ಮರುದಿನ ಚಿತ್ರಶಾಲೆಗೆ ಓಡಿದಳು. ಅವನು ಸೊರಗಿಹೋಗಿದ್ದ. ಕ್ಯಾನ್ವಾಸಿನಲ್ಲಿ ಅವಳ ಕಣ್ಣು, ಹಣೆ, ತುಟಿ ಉಸಿರಾಡುವಂತಿದ್ದವು. ಎಡಗೆನ್ನೆ ಮಾತ್ರ ಇನ್ನೂ ಹಸಿರು.

"ಇದ್ಯಾಕೆ ಹೀಗೆ ಬಿಟ್ರಿ?"

"ಬರೀ ಬಿಳಿ ಹಚ್ಚಿದ್ರೆ ಸುಣ್ಣದ ಗೋಡೆ ಆಗುತ್ತೆ. ಆ ಬಿಳುಪಲ್ಲೂ ರಕ್ತ ಓಡ್ತಿದೆ... ಒಂಚೂರು ಗುಲಾಬಿ, ದವಡೆ ಹತ್ರ ನೀಲಿ. ಎಷ್ಟು ಸಲ ಕೆರೆದು ತೆಗೆದೆ! ನೀವಿಲ್ಲದೆ ಬರಲಿಲ್ಲ."

ಅವಳು ಕೆನ್ನೆ ಮುಟ್ಟಿ ನೋಡಿಕೊಂಡಳು. 'ನನ್ನ ಮಚ್ಚೆಯಲ್ಲಿ ಇಷ್ಟು ಬಣ್ಣಗಳಿವೆಯೇ...'

"ಮನೆಗೆ ಬಂದು ಹೇಳಬಹುದಿತ್ತಲ್ಲ?"

"ಬಂದಿದ್ದೆ. ಮದುವೆ ಮಾತಾಡೋಕೆ ಯಾರೋ ಕೂತಿದ್ರು. ನನಗೆ ಧೈರ್ಯ ಸಾಲಲಿಲ್ಲ. ವಾಪಸ್ ಬಂದ್ಬಿಟ್ಟೆ."

"ಅವರು ಎದ್ದು ಹೋದ್ರು."

ಅವನು ಬ್ರಷ್ ಕೆಳಗಿಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ನಾನು ಬಂದು ಕೂತ್ರೆ... ಎಬ್ಬಿಸಿ ಕಳಿಸಲ್ಲ ತಾನೇ?"

ಅವಳು ಕಣ್ಣೊರೆಸಿಕೊಂಡಳು.

"ನಾಳೇನೇ ಬನ್ನಿ. ಅಮ್ಮ ಮನೇಲೇ ಇರ್ತಾಳೆ."